ಪ್ರತಿ ಬ್ಯಾಚಿಗೂ ಕೈರಲ್ ಕಾಲಂ ಬೇಕೇ?

ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಅಣುಗಳನ್ನು ಬೇರ್ಪಡಿಸುವ ಕೊಳವೆಯೇ ಕೈರಲ್ ಕಾಲಂ. ಔಷಧದ ಪ್ರತಿ ಬ್ಯಾಚನ್ನೂ ಅದರಲ್ಲಿ ಪರೀಕ್ಷಿಸಬೇಕೇ ಎಂಬುದು ಪ್ರಶ್ನೆ.

ಪರ

ಕೆಲವು ಅಣುಗಳಿಗೆ ಎಡಗೈ-ಬಲಗೈಗಳಂತೆ ಎರಡು ರೂಪ, ಎಸ್ ಮತ್ತು ಆರ್. ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸಿಟಮ್ ಎಂದರೆ ಎಸ್ ರೂಪ ಮಾತ್ರ. ಆರ್ ರೂಪ ಅದರ ಕನ್ನಡಿ ಬಿಂಬ: ಅದೇ ಅಣುತೂಕ, ಅದೇ ಕರಗುವ ಬಿಂದು. ಶುದ್ಧತೆ ಅಳೆಯಲು ಬಳಸುವ ಮಾಮೂಲಿ ಸಿ-18 ಕಾಲಂನಲ್ಲಿ ಎರಡೂ ಒಂದೇ ಹೊತ್ತಿಗೆ ಹೊರಬರುತ್ತವೆ. ನಕ್ಷೆಯಲ್ಲಿ ಏಳುವ ಶಿಖರ, ಅಂದರೆ ಪೀಕ್, ಚೂಪಾಗಿ, ಒಂಟಿಯಾಗಿ ನಿಲ್ಲುತ್ತದೆ, ವರದಿಯಲ್ಲಿ ಶೇ. 99.9 ಶುದ್ಧ ಎಂದು ಬರುತ್ತದೆ. ಬೆರೆತ ಆರ್ ಕೂಡ ಆ ಲೆಕ್ಕಕ್ಕೇ ಸೇರಿರುತ್ತದೆ!

ಎರಡು ರೂಪಗಳೂ ಬೆಳಕನ್ನು ಎದುರುಬದುರು ದಿಕ್ಕಿಗೆ ತಿರುಗಿಸುತ್ತವೆ, ಅದನ್ನು ಅಳೆಯಲು ಪೋಲರಿಮೀಟರ್ ಇದೆಯಲ್ಲ ಎನ್ನುವವರಿದ್ದಾರೆ. ಶೇ. 0.3 ಆರ್ ಬೆರೆತರೆ ಬೆಳಕಿನ ತಿರುಗುವಿಕೆ ಶೇ. 0.6ರಷ್ಟು ಮಾತ್ರ ತಗ್ಗುತ್ತದೆ. ತೂಕದಲ್ಲೋ ಉಷ್ಣತೆಯಲ್ಲೋ ಆಗುವ ಚಿಕ್ಕ ಏರುಪೇರೇ ಅದನ್ನು ಮುಚ್ಚಿಹಾಕಬಲ್ಲದು. ಅಮೈಲೋಸ್ ಅಥವಾ ಸೆಲ್ಯುಲೋಸ್‌ನಿಂದ ಮಾಡಿದ ಕೈರಲ್ ಕಾಲಂ ಹಾಗಲ್ಲ, ಎರಡನ್ನೂ ಬಿಡಿಸಿ ತೋರಿಸುತ್ತದೆ. ಆದರೆ ಆರ್ ಪೀಕ್ ಮೊದಲು ಬರುವ ಕಾಲಂ ಆರಿಸಿಕೊಳ್ಳಬೇಕು; ಆಮೇಲೆ ಬಂದರೆ ದೊಡ್ಡ ಪೀಕಿನ ಬಾಲದಲ್ಲಿ ಮುಳುಗಿಹೋಗುತ್ತದೆ. ತಯಾರಿಕೆಯಲ್ಲಿ ಕ್ಷಾರ ಹೆಚ್ಚಾಗಿ ಬಿಸಿ ಏರಿದ ದಿನ ಎಸ್ ರೂಪವೇ ಆರ್ ಆಗಿ ತಿರುಗಬಹುದು, ಆ ದಿನ ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ನಕ್ಷೆಯ ಬೇಸ್‌ಲೈನ್ ಮೇಲೆ ಎದ್ದ ಆರ್‌ನ ಆ ಪುಟ್ಟ ಉಬ್ಬನ್ನು ಒಮ್ಮೆ ಕಂಡ ಮೇಲೆ, ಈ ಪರೀಕ್ಷೆಯಿಲ್ಲದ ವರದಿಗೆ ಸಹಿ ಹಾಕಲು ನನಗೆ ಕೈ ಬರುವುದಿಲ್ಲ.

ವಿರೋಧ

ಕೈರಲ್ ಕಾಲಂ ಬೇಡ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಬೇಕು ಎಂಬುದಷ್ಟೇ ನನ್ನ ತಕರಾರು.

ಎಸ್-2-ಅಮೈನೊಬ್ಯುಟಿರಮೈಡ್‌ನಿಂದ ಹೊರಡುವ ದಾರಿಯಲ್ಲಿ ಲೆವೆಟಿರಾಸಿಟಮ್‌ಗೆ ಎಸ್ ರೂಪ ಬರುವುದು ಆ ಮೂಲವಸ್ತುವಿನಿಂದಲೇ. ಅಲ್ಲಿಯೇ ಆರ್ ಅನ್ನು ಕಟ್ಟುನಿಟ್ಟಾಗಿ ಅಳೆದು, ಮುಂದಿನ ಹಂತಗಳಲ್ಲಿ ರೂಪ ಕದಲುವುದಿಲ್ಲ ಎಂದು ಸಾಧಿಸಿ ತೋರಿಸಿದರೆ, ಕೊನೆಯಲ್ಲಿ ಪ್ರತಿ ಬ್ಯಾಚನ್ನೂ ಅಳೆಯುವುದು ಮಾಡಿದ ಕೆಲಸವನ್ನೇ ಮತ್ತೆ ಮಾಡಿದಂತೆ. ಔಷಧ ನಿಯಮಗಳನ್ನು ದೇಶದೇಶಗಳ ನಡುವೆ ಹೊಂದಿಸುವ ಸಂಸ್ಥೆ ಐಸಿಎಚ್‌ನ 1999ರ ಕ್ಯೂ6ಎ ಮಾರ್ಗಸೂಚಿಯೂ ತಕ್ಕ ಸಮರ್ಥನೆ ಇದ್ದರೆ ಮೂಲವಸ್ತು ಅಥವಾ ಮಧ್ಯಂತರ ಹಂತದಲ್ಲಿ ನಿಯಂತ್ರಿಸಲು ಅವಕಾಶ ಕೊಡುತ್ತದೆ.

ಕೈರಲ್ ಕಾಲಂ ಸಿ-18ಕ್ಕಿಂತ ಹಲವು ಪಟ್ಟು ದುಬಾರಿ, ಮೇಲಾಗಿ ಬಹಳ ನಾಜೂಕು. ಲೇಪನದ ಬಗೆಯದಾದರೆ ಮಾದರಿಯಲ್ಲಿ ಡೈಕ್ಲೋರೋಮೀಥೇನ್ ದ್ರಾವಕ ಉಳಿದಿದ್ದರೂ ಅಪಾಯ, ಲೇಪನವೇ ಕಳಚಬಹುದು. ಒಮ್ಮೆ ಡೈಈಥೈಲ್‌ಅಮೈನ್ ಎಂಬ ಕ್ಷಾರ ಹರಿಸಿದರೆ ಅದರ ಪ್ರಭಾವ ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ನಾರ್ಮಲ್ ಫೇಸ್ ಎಂಬ ವಿಧಾನದಲ್ಲಿ ದಿನವಿಡೀ ಹೆಕ್ಸೇನ್ ದ್ರಾವಕ ಬೇಕು. ಅದರ ಆವಿ ನರಗಳಿಗೆ ಕೆಟ್ಟದ್ದು, ಬೆಂಕಿಗೂ ಬೇಗ ಹತ್ತಿಕೊಳ್ಳುತ್ತದೆ. ಯಂತ್ರದ ಮುಂದೆ ನಿಲ್ಲುವ ಹುಡುಗರ ಆರೋಗ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ನಾನಾಗಿದ್ದರೆ ಮೂಲವಸ್ತುವಿನ ಒಂದು ಲಾಟನ್ನೂ ಬಿಡದೆ ಪರೀಕ್ಷಿಸುತ್ತೇನೆ. ಅಂತಿಮ ಬ್ಯಾಚನ್ನು ಕೈರಲ್ ಕಾಲಂಗೆ ಹಾಕುವುದು ಕ್ಷಾರದ ಪ್ರಮಾಣ, ರಿಯಾಕ್ಟರಿನ ಉಷ್ಣತೆ ಅಥವಾ ಮೂಲವಸ್ತು ಒದಗಿಸುವವರು ಬದಲಾದಾಗ.