ಪೂರ್ತಿ ಕೇಳಿಸಿಕೊಳ್ಳುವ ವ್ಯವಧಾನ ಎಲ್ಲಿ ಹೋಯಿತು?
ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ಪಿಂಚಣಿ ಅರ್ಜಿ ಹಿಡಿದು ಕೌಂಟರಿನಲ್ಲಿ ಕನ್ನಡದಲ್ಲಿ ಕೇಳುತ್ತಿದ್ದರು. ಒಳಗಿನವರು ತಲೆ ಎತ್ತದೆಯೇ ‘ಮಲಯಾಳಂ ಅರಿಯಿಲ್ಲೇ?’ ಎಂದು ಗದರಿದರು. ಅಜ್ಜಿ ಕಾಗದ ಮಡಚಿ ಸೆರಗಿನೊಳಗಿಟ್ಟುಕೊಂಡರು. ನನಗೆ ಹೊಟ್ಟೆ ಉರಿದುಹೋಯಿತು. ಇಲ್ಲಿನ ಸರಕಾರಿ ಕಚೇರಿಗಳಲ್ಲಿ ಕನ್ನಡಿಗರು ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಅದಿರಲಿ, ಭಾಷೆ ಬಾರದಿದ್ದರೆ ಪಕ್ಕದ ಮೇಜಿನವರನ್ನು ಕರೆಯಲು ಎಷ್ಟು ಹೊತ್ತು ಬೇಕು?

ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತಲೇ ಬೆಳೆದವರು ನಾವು. ನಮ್ಮವರೂ ಕಮ್ಮಿಯೇನಲ್ಲ. ಕುಂಬಳೆ ಪೇಟೆಯಲ್ಲಿ ಬಂಗಾಳದಿಂದ ಕೆಲಸಕ್ಕೆ ಬಂದ ಹುಡುಗ ತಡವರಿಸಿ ಸಾಮಾನು ಕೇಳಿದರೆ, ಅಂಗಡಿ ಮುಂದೆ ನಿಂತವರು ಅವನನ್ನು ಅಣಕಿಸಿ ನಗುತ್ತಾರೆ. ಪಾಪ, ಅವನು ಕೇಳಿದ್ದು ಅರ್ಧ ಕಿಲೋ ನೀರುಳ್ಳಿ!