ಒಂದು ಉಸಿರು ಗಾಳಿಗೆ 243 ಪುಟ

ಪಂಕ್ಚರ್ ಅಂಗಡಿಯವನು ಟೈರನ್ನು ಹೆಬ್ಬೆರಳಿನಲ್ಲಿ ಒಂದು ಸಲ ಒತ್ತಿ ನೋಡಿ "ಗಾಳಿ ಕಮ್ಮಿ ಇದೆ ಸಾರ್" ಅನ್ನುತ್ತಾನೆ. ಪಂಪು ಹೊಡೆಯುತ್ತಾನೆ, ಚಿಲ್ಲರೆ ಇಸ್ಕೊಂಡು ಮುಂದಿನ ಗಿರಾಕಿ ನೋಡುತ್ತಾನೆ. ಇದೇ ಕೆಲಸಕ್ಕೆ ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ಗೆ ಹದಿನೆಂಟು ತಿಂಗಳು ಬೇಕಾಯಿತು. ಜೊತೆಗೆ 243 ಪುಟಗಳ ವರದಿ, ಒಂದು ವಿಜ್ಞಾನ ಸಂಸ್ಥೆ, ಎರಡು ಫೆಡರಲ್ ಕೋರ್ಟು.

ಕಥಾನಾಯಕ ಟಾಮ್ ಬ್ರೇಡಿ. ಆಗ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್. ಅಂದರೆ ಚೆಂಡು ಕೈಗೆ ಬಂದ ಎರಡು ಮೂರು ಸೆಕೆಂಡಿನಲ್ಲಿ ಅದನ್ನು ಯಾರಿಗೆ ಎಸೆಯಬೇಕು ಅಂತ ತೀರ್ಮಾನ ಮಾಡುವವನು. ತಡ ಮಾಡಿದರೆ ಎದುರಿನವರು ಅಕ್ಕಿ ಮೂಟೆಗಳ ಹಾಗೆ ಮೈಮೇಲೆ ಬೀಳುತ್ತಾರೆ. 2000ರಲ್ಲಿ ಆಟಗಾರರನ್ನು ಆರಿಸುವ ಡ್ರಾಫ್ಟ್ ನಡೆದಾಗ ಲೀಗಿನ ಪಂಡಿತರು ಈ ಹುಡುಗನ ಎತ್ತರ, ತೂಕ, ಓಟ ಎಲ್ಲವನ್ನೂ ಅಳೆದಿದ್ದರು. 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡ ಅಂತ ಬರೆದುಕೊಂಡರು. ಆಮೇಲೆ ಆರು ಜನ ಬೇರೆ ಕ್ವಾರ್ಟರ್‌ಬ್ಯಾಕ್‌ಗಳೂ ಸೇರಿ 198 ಮಂದಿಯನ್ನು ಆರಿಸಿ ಮುಗಿಸಿದ ಮೇಲೆ, 199ನೆಯವನಾಗಿ ಇವನನ್ನು ತೆಗೆದುಕೊಂಡರು. ಅವನು ಏಳು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ. ಅಳತೆಯಲ್ಲಿ ಇವರ ಕೈ ಎಷ್ಟು ಪಳಗಿದೆ ಅಂತ ಆಗಲೇ ಗೊತ್ತಾಗಬೇಕಿತ್ತು.

2015ರ ಜನವರಿ 18, ಮ್ಯಾಸಚೂಸೆಟ್ಸ್‌ನ ಫಾಕ್ಸ್‌ಬರೋ. ಮಳೆ, ಚಳಿ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧದ ಈ ಪಂದ್ಯ ಗೆದ್ದವರಿಗೆ ಸೂಪರ್ ಬೌಲ್. ಚೆಂಡಿನ ಗಾಳಿ ಚದರಂಗುಲಕ್ಕೆ 12.5ರಿಂದ 13.5 ಪೌಂಡ್ ಒತ್ತಡದಲ್ಲಿ ಇರಬೇಕು ಅನ್ನುವುದು ನಿಯಮ. ಆದರೆ ಪ್ರತಿ ತಂಡವೂ ತಾನು ಎಸೆಯುವ ಚೆಂಡನ್ನು ತಾನೇ ತರಬಹುದು ಅನ್ನುವುದೂ ನಿಯಮವೇ. ಬೌಲರ್ ತನ್ನ ಚೆಂಡನ್ನು ಮನೆಯಿಂದ ತಂದ ಹಾಗೆ. 2006ರಲ್ಲಿ ಬ್ರೇಡಿಯಂಥವರೇ ಕೇಳಿ ಮಾಡಿಸಿಕೊಂಡ ಅನುಕೂಲ ಇದು. ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಟ್ಟು, ಆಮೇಲೆ ಮೀಸೆ ಯಾಕೆ ಒದ್ದೆ ಅಂತ ಕೇಳಿದರು.

ಪೇಟ್ರಿಯಟ್ಸ್ ಚೆಂಡು ಮೆತ್ತಗಿದೆ, ಬ್ರೇಡಿಗೆ ಹಿಡಿತ ಸಿಗಲಿ ಅಂತ ಬೇಕಂತಲೇ ಗಾಳಿ ಇಳಿಸುತ್ತಾರೆ ಅಂತ ಕೋಲ್ಟ್ಸ್‌ನವರು ದೂರಿದರು. ಅರ್ಧ ಆಟಕ್ಕೆ ಪೇಟ್ರಿಯಟ್ಸ್‌ನ ಹನ್ನೊಂದು ಚೆಂಡು ಅಳೆದರು. ಎಲ್ಲದರಲ್ಲೂ ಗಾಳಿ ಕಮ್ಮಿ. ಕೋಲ್ಟ್ಸ್ ಚೆಂಡು ನಾಲ್ಕು ಅಳೆಯುವಷ್ಟರಲ್ಲಿ ಟೈಮ್ ಆಯಿತು. ಅಳೆದ ಮೀಟರುಗಳು ಎರಡು, ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆ ಇಲ್ಲ. ಒಂದು ಮೀಟರಿನ ಪ್ರಕಾರ ಕೋಲ್ಟ್ಸ್‌ನ ನಾಲ್ಕರಲ್ಲಿ ಮೂರು ಚೆಂಡಿನಲ್ಲೂ ಗಾಳಿ ಕಮ್ಮಿ! ಇನ್ನೊಂದು ಮೀಟರು ಸರಿ ಇದೆ ಅಂದಿತು, ಸದ್ಯ. ಪೇಟ್ರಿಯಟ್ಸ್ ಚೆಂಡುಗಳಿಗೆ ಗಾಳಿ ತುಂಬಿ ಕೊಟ್ಟರು. ಆಗ 17-7 ಇದ್ದ ಆಟ 45-7ಕ್ಕೆ ಮುಗಿಯಿತು. ಗಾಳಿ ಕಮ್ಮಿ ಇದ್ದಿದ್ದರಿಂದ ಯಾರಿಗೆ ಲಾಭ ಆಗಿತ್ತು ಅಂತ ಕೋಲ್ಟ್ಸ್‌ನವರೇ ಹೇಳಬೇಕು.

ಬೆಚ್ಚಗಿನ ಕೋಣೆಯಲ್ಲಿ ಗಾಳಿ ತುಂಬಿದ ಚೆಂಡನ್ನು ಚಳಿಗೆ ಒಯ್ದರೆ ಒತ್ತಡ ಇಳಿಯುತ್ತದೆ. ಇದು ಪಿಯುಸಿ ಹುಡುಗರಿಗೂ ಗೊತ್ತು. ಪೂರ್ತಿ ಅಷ್ಟೇ ಅಲ್ಲ ಅಂತ ತನಿಖೆಯವರು ವಾದಿಸಿದರು. ಸಂಶಯಕ್ಕೆ ಕಾರಣವೂ ಇತ್ತು ಅನ್ನಿ. ಚೆಂಡಿನ ಚೀಲ ನೋಡಿಕೊಳ್ಳುವ ನೌಕರ ಅದನ್ನು ಹೊತ್ತು ಬಚ್ಚಲುಮನೆಗೆ ಹೋಗಿ, ನೂರು ಸೆಕೆಂಡ್ ಒಳಗಿದ್ದು ಬಂದಿದ್ದ. ಹಿಂದೊಮ್ಮೆ ಮೆಸೇಜಿನಲ್ಲಿ ತನ್ನನ್ನೇ 'ಗಾಳಿ ಇಳಿಸುವವ' ಅಂತ ಕರೆದುಕೊಂಡಿದ್ದ. ಇದಕ್ಕೆ ತಂಡ ಕೊಟ್ಟ ವಿವರಣೆ ಏನು ಗೊತ್ತಾ? ಇಳಿಸುವುದು ಅಂದರೆ ಮೈತೂಕ ಇಳಿಸುವುದಂತೆ. ವಕೀಲರು ಕೂತು, ಬರೆದು, ಪ್ರಕಟಿಸಿದ ವಿವರಣೆ ಇದು.

ಬ್ರೇಡಿಯೇನು ಕಮ್ಮಿಯಲ್ಲ. ವಿಚಾರಣೆಯ ಹೊತ್ತಿಗೆ ಸರಿಯಾಗಿ ತನ್ನ ಹಳೇ ಫೋನನ್ನು ನಾಶ ಮಾಡಿಸಿದ. ಅದರಲ್ಲಿ ಹತ್ತಿರ ಹತ್ತಿರ 10,000 ಮೆಸೇಜು ಇದ್ದವು. ಹೊಸ ಫೋನ್ ತಗೊಂಡಾಗ ಹಳೇದನ್ನು ಒಡೆಸುವುದು ನನ್ನ ಅಭ್ಯಾಸ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಅಂಗಿಯನ್ನೇ ಸುಟ್ಟು ಬಂದ.

ತನಿಖೆಗೆ ಲೀಗ್ ನೇಮಿಸಿದ್ದ ವಕೀಲ ಟೆಡ್ ವೆಲ್ಸ್ ವರದಿ 2015ರ ಮೇ 6ರಂದು ಬಂತು. ಪಂದ್ಯಕ್ಕೆ ಮುಂಚೆ ಚೆಂಡು ಅಳೆದ ರೆಫರಿ ತನಗೆ ನೆನಪಿರುವಂತೆ ಬಳಸಿದ್ದು ಈ ಮೀಟರು ಅಂದಿದ್ದ. ಇಲ್ಲಪ್ಪಾ, ನೀನು ಬಳಸಿದ್ದು ಆ ಮೀಟರೇ ಇರಬೇಕು ಅಂತ ವರದಿ ಅವನ ನೆನಪನ್ನೇ ತಿದ್ದಿತು. ಕೊನೆಗೆ ತೀರ್ಮಾನ: ತಪ್ಪು ನಡೆದಿರುವ ಸಂಭವವೇ ಜಾಸ್ತಿ, ಬ್ರೇಡಿಗೆ ಅದು ಕನಿಷ್ಠ ಮೇಲುಮೇಲಿನದಾದರೂ ತಿಳಿದಿರುವ ಸಂಭವವೂ ಜಾಸ್ತಿ. ಬೆಟ್ಟ ಅಗೆದರು. ಇಲಿ ಸಿಗಲಿಲ್ಲ, ಇಲಿ ಇತ್ತೇನೋ ಅನ್ನುವ ವಾಸನೆ ಸಿಕ್ಕಿತು.

ಶಿಕ್ಷೆ ಮಾತ್ರ ವಾಸನೆಯಷ್ಟಿರಲಿಲ್ಲ. ಬ್ರೇಡಿಗೆ ನಾಲ್ಕು ಪಂದ್ಯ ನಿಷೇಧ. ತಂಡಕ್ಕೆ ಹತ್ತು ಲಕ್ಷ ಡಾಲರ್ ದಂಡ. ಅದರ ಮೇಲೆ ಡ್ರಾಫ್ಟಿನ ಎರಡು ಆಯ್ಕೆಯೂ ಹೋಯಿತು. 2004ರಲ್ಲಿ ಬ್ರಿಸ್ಬೇನ್‌ನಲ್ಲಿ ನಮ್ಮ ದ್ರಾವಿಡ್ ಚೆಂಡಿಗೆ ಬಾಯಲ್ಲಿದ್ದ ಪೆಪ್ಪರ್‌ಮಿಂಟ್ ಸವರಿ ಸಿಕ್ಕಿಬಿದ್ದಾಗ ಅರ್ಧ ಮ್ಯಾಚ್ ಫೀ ಕಿತ್ತುಕೊಂಡು ಕಳಿಸಿದ್ದರು, ಅಷ್ಟೇ.

ನಾಲ್ಕು ಪಂದ್ಯ ಅಂದರೆ ಎಷ್ಟು ಅಂತ ತಿಳಿಯಲು ಲೀಗಿನದೇ ತಕ್ಕಡಿ ನೋಡಿ. ಹಿಂದಿನ ವರ್ಷ ರೇ ರೈಸ್ ಅನ್ನುವ ಆಟಗಾರ ತಾನು ಮದುವೆಯಾಗಲಿದ್ದ ಹೆಣ್ಣನ್ನು ಲಿಫ್ಟಿನಲ್ಲಿ ಪ್ರಜ್ಞೆ ತಪ್ಪುವಂತೆ ಹೊಡೆದಿದ್ದ. ಅದಕ್ಕೆ ಲೀಗ್ ಮೊದಲು ಕೊಟ್ಟ ಶಿಕ್ಷೆ ಎರಡು ಪಂದ್ಯ. ಹೊಡೆದ ವಿಡಿಯೋ ಟಿವಿಯಲ್ಲಿ ಬಂದ ಮೇಲೆ ತಕ್ಕಡಿ ಗಡಿಬಿಡಿಯಲ್ಲಿ ಇನ್ನೊಂದು ಕಡೆ ವಾಲಿತು. ಇನ್ನು ಆಟಗಾರರ ತಲೆ. ವರ್ಷಗಟ್ಟಲೆ ಡಿಕ್ಕಿ ಹೊಡೆದು ಮಿದುಳು ಹಾಳಾಯಿತು ಅಂತ ಸಾವಿರಾರು ಮಾಜಿ ಆಟಗಾರರು ಕೋರ್ಟಿಗೆ ಹೋಗಿದ್ದರು. ಸುಮಾರು ನೂರು ಕೋಟಿ ಡಾಲರಿನ ಆ ರಾಜಿಗೆ ನ್ಯಾಯಾಧೀಶರು ಒಪ್ಪಿಗೆ ಕೊಟ್ಟಿದ್ದು ವೆಲ್ಸ್ ವರದಿ ಬರುವ ಎರಡೇ ವಾರ ಮುಂಚೆ. ತಲೆಗೆ ಬೀಳುವ ಒತ್ತಡ ಎಷ್ಟು ಪೌಂಡ್ ಮೀರಬಾರದು ಅನ್ನುವ ನಿಯಮ ಲೀಗಿನ ಪುಸ್ತಕದಲ್ಲಿಲ್ಲ. ಚೆಂಡು ಪಾಪ, ನಾಜೂಕು.

ಬ್ರೇಡಿ ಮೇಲ್ಮನವಿ ಹಾಕಿದ. ಶಿಕ್ಷೆ ಕೊಟ್ಟಿದ್ದು ಲೀಗ್ ಕಚೇರಿ, ಮೇಲ್ಮನವಿ ಕೇಳಿದವರು ಅದೇ ಲೀಗಿನ ಕಮಿಷನರ್ ರೋಜರ್ ಗುಡೆಲ್. ಕೇಳಿದರು, ಶಿಕ್ಷೆ ಸರಿಯಾಗಿದೆ ಅಂದರು. ಆಶ್ಚರ್ಯ ಅಲ್ವಾ? ಆಮೇಲೆ ಕೋರ್ಟು. ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ರಿಚರ್ಡ್ ಬರ್ಮನ್ ಶಿಕ್ಷೆ ರದ್ದು ಮಾಡಿದರು. 2016ರ ಏಪ್ರಿಲ್‌ನಲ್ಲಿ ಮೇಲಿನ ಕೋರ್ಟು 2-1ರಲ್ಲಿ ಮತ್ತೆ ಹೇರಿತು. ಬಹುಮತ ನೋಡಿದ್ದು ಚೆಂಡನ್ನಲ್ಲ, ಆಟಗಾರರ ಸಂಘ ಒಪ್ಪಿದ ಕರಾರಿನಲ್ಲಿ ಕಮಿಷನರಿಗೆ ಅಧಿಕಾರ ಇದೆಯೋ ಇಲ್ಲವೋ ಅನ್ನುವುದನ್ನು. ಜುಲೈಯಲ್ಲಿ ಬ್ರೇಡಿ ಸಾಕು ಅಂದ. ಅಷ್ಟರಲ್ಲಿ ಸಂಬಳದ ಕರಾರು ಬದಲಾಗಿ ಆ ವರ್ಷದ ಮೂಲ ಸಂಬಳ ಹತ್ತು ಲಕ್ಷ ಡಾಲರಿಗೆ ಇಳಿದಿತ್ತು. ನಾಲ್ಕು ಪಂದ್ಯಕ್ಕೆ ಕಳೆದುಕೊಂಡಿದ್ದು ಎರಡೂವರೆ ಲಕ್ಷಕ್ಕೂ ಕಮ್ಮಿ. ನೋಡಿ, ಇಳಿಸುವುದು ಅಂದರೆ ಇದು.

ಅವನಿಲ್ಲದೆ ತಂಡ ನಾಲ್ಕರಲ್ಲಿ ಮೂರು ಪಂದ್ಯ ಗೆದ್ದಿತು. ಅವನು ಬಂದ ಮೇಲೆ ಸೂಪರ್ ಬೌಲ್‌ನಲ್ಲಿ 28-3ರಿಂದ ಹಿಂದಿದ್ದು 34-28ಕ್ಕೆ ಗೆದ್ದಿತು. ಕಪ್ಪು ಕೊಡಲು ವೇದಿಕೆ ಹತ್ತಿದ ಗುಡೆಲ್‌ಗೆ ಜನ ಹಾಕಿದ ಕೂಗಿನಲ್ಲಿ ಅವರ ಮಾತೇ ಕೇಳಲಿಲ್ಲ. ಈ ನಡುವೆ ಲೀಗ್ ಒಂದು ಸೀಸನ್ ಪೂರ್ತಿ ಅಲ್ಲಲ್ಲಿ ಚೆಂಡುಗಳ ಗಾಳಿ ಅಳೆಸಿತ್ತು. ಚಳಿಗೆ ಎಷ್ಟು ಇಳಿಯುತ್ತದೆ ಅಂತ ಅದರಿಂದ ತಿಳಿಯಬಹುದಿತ್ತು. ಆ ಅಂಕಿಗಳನ್ನು ಲೀಗ್ ಪ್ರಕಟಿಸಲೇ ಇಲ್ಲ.

ಬ್ರೇಡಿ 2022ರ ಫೆಬ್ರವರಿ 1ರಂದು ನಿವೃತ್ತನಾದ. ಅವನು ಕೊನೆಯ ಟಚ್‌ಡೌನ್‌ಗೆ, ಅಂದರೆ ಆ ಆಟದ ಗೋಲಿಗೆ, ಎಸೆದ ಚೆಂಡು ಮಾರ್ಚ್ 12ರ ರಾತ್ರಿ ಹರಾಜಿನಲ್ಲಿ 5,18,000 ಡಾಲರಿಗೆ ಹೋಯಿತು. ಮಾರನೇ ದಿನ ಬ್ರೇಡಿ ಟ್ವೀಟ್ ಮಾಡಿದ, ವಾಪಸ್ ಆಡಲು ಬರ್ತೀನಿ ಅಂತ. ಚೆಂಡು ಕೊನೆಯದಲ್ಲ ಅಂತಾಯಿತು. ವ್ಯಾಪಾರ ರದ್ದು. ಒಂದೇ ರಾತ್ರಿಯಲ್ಲಿ ಒಂದು ಚೆಂಡಿನಿಂದ ಅಷ್ಟು ಗಾಳಿ ಹೋಗಿದ್ದು ಅದೇ ಮೊದಲಿರಬೇಕು. ಅದಕ್ಕೆ ಯಾರೂ ಮೀಟರ್ ಹಿಡಿಯಲಿಲ್ಲ.