ಚಗಟೆ ಸೊಪ್ಪಿಗೆ ಸನ್ಮಾನ

ತುಳುವರ ಆಟಿ ತಿಂಗಳಲ್ಲಿ ಮದುವೆ, ಗೃಹಪ್ರವೇಶಗಳನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮ ಕಾಸರಗೋಡಿನ ಕಡೆ ಇಲ್ಲದಿರುವುದರಿಂದ, ಹಿಂದೆಲ್ಲ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಂಜೇಶ್ವರ, ಕುಂಬಳೆ, ಬದಿಯಡ್ಕಗಳ ಸಭಾಭವನಗಳು ಬೀಗ ಜಡಿದುಕೊಂಡು ಮಳೆ ನೋಡುತ್ತಿದ್ದವು. ಈಗ ಆ ನಷ್ಟ ತುಂಬಿಬಂದಿದೆ. ಸಂಘ, ವೇದಿಕೆ, ಮಹಿಳಾ ಮಂಡಲ, ಶಾಲೆ, ಬ್ಯಾಂಕು ಎಂದು ಯಾರ ಬಳಿ ಒಂದು ಬ್ಯಾನರಿಗಾಗುವಷ್ಟು ದುಡ್ಡಿದೆಯೋ ಅವರೆಲ್ಲರೂ ಆಟಿಕೂಟ ನಡೆಸುತ್ತಾರೆ. ಊಟಕ್ಕೆ ಗತಿಯಿಲ್ಲದ ಒಂದು ತಿಂಗಳನ್ನು ಹೊಟ್ಟೆ ತುಂಬಿದವರು ವರ್ಷಕ್ಕೊಮ್ಮೆ, ಜನರೇಟರ್ ಸೌಕರ್ಯವಿರುವ ಸಭಾಂಗಣದಲ್ಲಿ ಸಂಭ್ರಮಿಸುವ ಈ ಪದ್ಧತಿಯನ್ನು ಕಂಡುಹಿಡಿದವರು ಯಾರೆಂಬುದು ದಾಖಲಾಗಿಲ್ಲ. ದಾಖಲಾಗಿದ್ದರೆ ಅವರಿಗೂ ಒಂದು ಶಾಲು ಸಲ್ಲುತ್ತಿತ್ತು.

ಆಟಿಯೆಂದರೆ ಏನೆಂಬುದನ್ನು ಈಗಿನ ಸಂಘಟಕರಿಗೆ ನೆನಪಿಸುವುದು ಅವಿನಯವಾದರೂ ಹೇಳಲೇಬೇಕು. ಮಳೆಗಾಲದ ಮೊದಲ ಬೆಳೆಯಾದ ಏಣಿಲಿನ ನಾಟಿ ಮುಗಿದಿರುತ್ತಿತ್ತು, ಆದುದರಿಂದ ಕೂಲಿಯಿರಲಿಲ್ಲ. ಹೊಸ ತೆನೆ ಬರಲು ತಿಂಗಳುಗಳಿದ್ದವು, ಆದುದರಿಂದ ಅಕ್ಕಿಯಿರಲಿಲ್ಲ. ಕಡಲು ಮುನಿದಿರುತ್ತಿತ್ತು, ಆದುದರಿಂದ ಮೀನೂ ಇರಲಿಲ್ಲ. ಹಾಗಾಗಿ ಜನರು ಗುಡ್ಡೆ, ಬೇಲಿಬದಿ, ಹೊಳೆ, ಗದ್ದೆಗಳಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಬೇಯಿಸಿದರು: ಚಗಟೆ ಸೊಪ್ಪು, ಕೆಸುವಿನೆಲೆ, ಕಣಿಲೆ, ಹಲಸಿನ ಬೀಜ, ಹೊಳೆಯ ಮರುವಾಯಿ ಎಂಬ ಚಿಪ್ಪುಮೀನು, ಗದ್ದೆಯ ಏಡಿ. ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ, ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಎಳೆಬಿದಿರಿನಲ್ಲಿ ಸಯನೈಡ್ ಹೊರಬಿಡುವ ಅಂಶವಿರುವುದರಿಂದ, ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಹಾಕಬೇಕು. ತುರಿಸುವ ಎಲೆಯನ್ನೂ ವಿಷವಿರುವ ಮೊಳಕೆಯನ್ನೂ ಪಳಗಿಸಿ ಉಣ್ಣುವಷ್ಟು ಜಾಣ್ಮೆ ಯಾರಿಗೂ ಹವ್ಯಾಸಕ್ಕೆಂದು ಬರುವುದಿಲ್ಲ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತರುವ ಹಾಲೆಮರದ ತೊಗಟೆಯ ಕಷಾಯವಂತೂ ಇಂದಿಗೂ ಧೈರ್ಯದ ಪರೀಕ್ಷೆಯೇ ಆಗಿದೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಕಷಾಯ ಕುಡಿದವರನ್ನು ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ.

1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದಂದಿನಿಂದ ಭಾಷೆಯ ಬಗ್ಗೆ, ಬೋರ್ಡುಗಳ ಬಗ್ಗೆ, ಅರ್ಜಿ ನಮೂನೆಗಳ ಬಗ್ಗೆ ಇಲ್ಲಿ ತಗಾದೆ ಮುಗಿದಿಲ್ಲ. ಹಸಿವಿನ ಪಂಚಾಂಗದಲ್ಲಿ ಮಾತ್ರ ಎರಡೂ ಕಡೆಯವರಿಗೆ ಪೂರ್ಣ ಒಮ್ಮತವಿತ್ತು. ನಮ್ಮ ಆಟಿಯೂ ಮಲಯಾಳಿಗಳ ಕರ್ಕಾಟಕವೂ ಒಂದೇ ತಿಂಗಳು, ಅವರಿಗೂ ಅದು ಬಡತನದ ತಿಂಗಳೇ. ಈಗ ಅವರ ಕರ್ಕಾಟಕದ ಮದ್ದುಗಂಜಿ ಬಣ್ಣದ ಪೆಟ್ಟಿಗೆಯೊಳಗೆ ಕೂತು ಸೂಪರ್ ಮಾರ್ಕೆಟ್ಟಿಗೆ ಬಂದಿದೆ, ನಮ್ಮ ಚಗಟೆ ವೇದಿಕೆಗೆ ಬಂದಿದೆ. ಒಮ್ಮತ ಮುಂದುವರಿದಿದೆಯೆಂದೇ ಹೇಳಬೇಕು.

ಕೂಟದ ಕಾರ್ಯಕ್ರಮ ಹೇಗಿರುತ್ತದೆಂದರೆ, ಹತ್ತು ಗಂಟೆಗೆಂದು ಕರೆದಲ್ಲಿ ಉದ್ಘಾಟಕರು ಹನ್ನೆರಡಕ್ಕೆ ಬರುತ್ತಾರೆ. ಅಷ್ಟರವರೆಗೆ ಕೆಸುವಿನೆಲೆಯ ಪತ್ರೊಡೆ ತಣ್ಣಗಾಗುತ್ತಿರುತ್ತದೆ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಸಾಲಾಗಿ ಸ್ಟೀಲಿನ ಪಾತ್ರೆಗಳು, ಪ್ರತಿಯೊಂದರ ಎದುರು ಗಣಕಯಂತ್ರದಲ್ಲಿ ಅಚ್ಚುಹಾಕಿಸಿದ ಹೆಸರಿನ ಚೀಟಿ. ಹಾಳೆತಟ್ಟೆಯಲ್ಲಿ ಬೀಳುವುದು ಅಂಚೆಚೀಟಿ ಗಾತ್ರದ ಒಂದು ತುಂಡು ಪತ್ರೊಡೆ, ಒಂದು ಚಮಚ ಕಣಿಲೆ ಗಸಿ, ಎರಡು ಬೆರಳಲ್ಲಿ ಹಿಡಿಸುವಷ್ಟು ಚಗಟೆ ಪಲ್ಯ. ಇಷ್ಟು ಕಡಿಮೆ ಬಡಿಸುವುದು ಆಟಿಯ ಅಭಾವವನ್ನು ಅನುಭವಕ್ಕೆ ತರಲೆಂದೇ ಇರಬಹುದೆಂದು ಭಾವಿಸಿದರೆ ತಪ್ಪು, ಅದು ಮೂವತ್ತು ಬಗೆಗಳನ್ನು ಲೆಕ್ಕಕ್ಕೆ ತುಂಬಿಸುವ ಉಪಾಯ. ಅಡುಗೆ ಮಾಡಿದ ಹಿರಿಯ ಹೆಂಗಸೊಬ್ಬರು ಸೌಟು ಹಿಡಿದು ನಿಂತಿದ್ದರೆ, ಕ್ಯಾಮರಾ ತೂಗುಹಾಕಿಕೊಂಡ ಯುವಕನೊಬ್ಬ ಬಗ್ಗಿ, “ಅಜ್ಜೀ, ಈ ಸೊಪ್ಪು ಆರ್ಗ್ಯಾನಿಕ್ಕಾ?” ಎಂದು ಕೇಳುತ್ತಾನೆ. “ಚಗಟೆಗೆ ಯಾರಾದರೂ ಗೊಬ್ಬರ ಹಾಕುವುದುಂಟಾ ಮಗಾ? ಅದನ್ನು ಕಿತ್ತು ಬಿಸಾಡುವುದೇ ಒಂದು ಕೆಲಸ” ಎಂದು ಅವರು ಉತ್ತರಿಸುತ್ತಾರೆ. ಎರಡನೆಯ ವಾಕ್ಯವನ್ನು ವೀಡಿಯೊದಿಂದ ಕತ್ತರಿಸಲಾಗುತ್ತದೆ.

ಆಟಿ ಕಳಂಜನೂ ಬರುತ್ತಾನೆ. ಹಿಂದೆ ನಲಿಕೆ ಸಮುದಾಯದವರು ಕಳಂಜನ ವೇಷ ಕಟ್ಟಿ, ತಾಳೆಗರಿಯ ಕೊಡೆ ಹಿಡಿದು ಮನೆಮನೆಗೆ ಬಂದು ಮಾರಿ ಕಳೆದಾಗ, ಮನೆಯವರು ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ ಕೊಟ್ಟು ಕಳುಹಿಸುತ್ತಿದ್ದರು. ಆ ಕಾಲದಲ್ಲಿ ಅದು ಒಂದು ಕುಟುಂಬದ ಆಟಿಯ ಊಟವೂ ಆಗಿತ್ತು. ಈಗ ಕಳಂಜನಿಗೆ ವೇದಿಕೆಯ ಮೇಲೆ ಐದು ನಿಮಿಷ ಕೊಡಲಾಗುತ್ತದೆ. ಐದು ನಿಮಿಷದಲ್ಲಿ ಮಾರಿ ಹೋಗಿಲ್ಲವೆಂದಾದರೆ ಧ್ವನಿವರ್ಧಕದವರು ಸಂಜ್ಞೆ ಮಾಡುತ್ತಾರೆ. ಅಕ್ಕಿಯ ಬದಲಿಗೆ ಚೌಕಟ್ಟು ಹಾಕಿಸಿದ ಪ್ರಮಾಣಪತ್ರವಿದೆ.

ಇನ್ನು ಮುಖ್ಯ ಅತಿಥಿಗಳ ಭಾಷಣ. ಚಗಟೆಯಲ್ಲಿ ಕಬ್ಬಿಣಾಂಶವಿದೆ, ಕಣಿಲೆಯಲ್ಲಿ ನಾರಿನಂಶವಿದೆ, ನಮ್ಮ ಹಿರಿಯರು ವಿಜ್ಞಾನಿಗಳಾಗಿದ್ದರು ಎಂದು ಅವರು ಹೇಳುತ್ತಾರೆ. ಹಿರಿಯರು ಹಸಿದಿದ್ದರು ಎಂಬ ವಾಕ್ಯ ಇಂತಹ ಯಾವ ಭಾಷಣದಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ಶಾಲೆಗೆ ಕೆಸುವಿನ ದಂಟಿನ ಪದಾರ್ಥ ಕಟ್ಟಿಕೊಂಡು ಬಂದ ಹುಡುಗನನ್ನು ಮೂಲೆಗೆ ಕೂರಿಸಿ ಹೀಯಾಳಿಸಿದ ತಲೆಮಾರೇ ಈಗ ಅದೇ ದಂಟನ್ನು ಫೋರ್ಕಿಗೆ ಚುಚ್ಚಿ ಮೇಲೆತ್ತಿ, ಫೋಟೋ ಸರಿಯಾಗಿ ಬಂತೇ ಎಂದು ವಿಚಾರಿಸುತ್ತದೆ. ದಂಟು ಬದಲಾಗಲಿಲ್ಲ, ಅದರ ತುರಿಕೆಯೂ ಬದಲಾಗಲಿಲ್ಲ.

ಹೇಸಿಗೆ ನಾಲಗೆಯಲ್ಲಿ ಹುಟ್ಟುತ್ತದೆಂದು ನಂಬಿದವರು ಒಮ್ಮೆ ಲೋಕಸಂಚಾರ ಮಾಡಿ ಬರಬೇಕು. ಸ್ವೀಡನ್ನಿನವರು ಹೆರಿಂಗ್ ಮೀನನ್ನು ಹುಳಿಬರಿಸಿ ಡಬ್ಬಿಗೆ ತುಂಬುತ್ತಾರೆ. ಒಳಗಿನ ಅನಿಲಕ್ಕೆ ಆ ಡಬ್ಬಿ ಉಬ್ಬಿಕೊಂಡಿರುತ್ತದೆ, ಸಿಡಿಯಬಹುದೆಂಬ ಭಯದಿಂದ ಏರ್ ಫ್ರಾನ್ಸ್, ಬ್ರಿಟಿಷ್ ಏರ್‌ವೇಸ್ ಕಂಪನಿಗಳು 2006ರಲ್ಲಿ ಅದನ್ನು ವಿಮಾನದಿಂದ ಹೊರಗಿಟ್ಟವು. ಅದರಿಂದ ಸ್ವೀಡನ್ನಿನ ಮಾನ ಹೋಗಲಿಲ್ಲ, ಆ ಡಬ್ಬಿ ಒಡೆಯುವುದನ್ನು ನೋಡಲು ಈಗ ಪ್ರವಾಸಿಗರೇ ಹೋಗುತ್ತಾರೆ. ಕುಂಬಳೆ ಸಂತೆಯಿಂದ ಒಣಮೀನಿನ ಕಟ್ಟು ಹಿಡಿದು ಬಸ್ಸು ಹತ್ತಿದ ಮುದುಕಿಯನ್ನು ಮಾತ್ರ ಕಂಡಕ್ಟರು ಹಿಂದಿನ ಸೀಟಿಗೆ ಕಳುಹಿಸುತ್ತಾನೆ, ಅಕ್ಕಪಕ್ಕದವರು ಕರ್ಚೀಫು ತೆಗೆಯುತ್ತಾರೆ. ಸಾರ್ಡೀನಿಯಾದಲ್ಲಿ ಜೀವಂತ ಹುಳು ಹರಿದಾಡುವ ಗಿಣ್ಣಿದೆ. ಮಾರುವುದು ಕಾನೂನುಬಾಹಿರವೆಂಬ ಕಾರಣಕ್ಕೇ ಅದಕ್ಕೆ ಕೀರ್ತಿ ಹೆಚ್ಚು. ಮರಬೆಕ್ಕು ನುಂಗಿ ಹಿಕ್ಕೆಯೊಡನೆ ಹೊರಹಾಕಿದ ಕಾಫಿಬೀಜಕ್ಕೆ ಲೋಕದ ಅತ್ಯಂತ ದುಬಾರಿ ಕಾಫಿಗಳಲ್ಲಿ ಸ್ಥಾನವಿದೆ. ನಮ್ಮ ತೋಟಗಳಲ್ಲಿ ಬಾವಲಿ ಚೀಪಿ ಉದುರಿಸಿದ ಅಡಕೆಯನ್ನು ಹೆಕ್ಕಿ ಒಣಗಿಸಿದ ಮಕ್ಕಳಿಗೆ ಯಾರೂ ಅಂತಹ ಬೆಲೆ ಕೊಡಲಿಲ್ಲ, ಮೇಲಾಗಿ 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಬಾವಲಿಯ ಹೆಸರೆತ್ತಿದರೂ ಕೈ ತೊಳೆಯಬೇಕಾಯಿತು.

ಹುಳುಹುಪ್ಪಟೆಗಳ ವಿಷಯಕ್ಕೆ ಬಂದರೆ ನಮ್ಮ ವಿವೇಕ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಮಲೆನಾಡಿನಲ್ಲಿ ಚಗಳಿಯೆಂದು ಕರೆದು ಚಟ್ನಿ ಅರೆಯುವವರಿದ್ದಾರೆ. ನಮ್ಮ ಗೇರುತೋಪುಗಳಲ್ಲಿ ಅದೇ ಇರುವೆ ಅಂಗಿಯೊಳಗೆ ಹೊಕ್ಕು ಕಚ್ಚುವುದರಿಂದ, ನಾವು ಅದನ್ನು ಬೈಯುವುದಕ್ಕಷ್ಟೇ ಬಳಸುತ್ತೇವೆ. ಒಡಿಶಾದ ಮಯೂರ್‌ಭಂಜ್‌ನ ಆದಿವಾಸಿಗಳು ಅದನ್ನು ಅರೆದು ತಿಂದಾಗ ನಾಗರಿಕರು ಮೂಗು ಮುರಿದರು. ಕೋವಿಡ್ ಬಂದಾಗ ಅದೇ ಚಟ್ನಿಯನ್ನು ಮದ್ದೆಂದು ಮಾನ್ಯಮಾಡಬೇಕೆಂಬ ಅರ್ಜಿ 2021ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ತಿರಸ್ಕೃತವಾಗಿ ಮರಳಿತು. 2024ರ ಜನವರಿಯಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆ ದೊರೆತ ಕೂಡಲೇ ಮುರಿದ ಮೂಗುಗಳೆಲ್ಲ ಒಮ್ಮೆಗೇ ನೆಟ್ಟಗಾದವು. ಇರುವೆ ತಿನ್ನುವವರು ಕಾಡುಜನ, ಇರುವೆಗೆ ಪ್ರಮಾಣಪತ್ರವಿದ್ದರೆ ಅದು ಪರಂಪರೆ. ಯುರೋಪಿಯನ್ ಒಕ್ಕೂಟವೂ 2021ರಲ್ಲಿ ಹಳದಿ ಹಿಟ್ಟುಹುಳುವಿಗೆ, 2022ರಲ್ಲಿ ಮನೆಯ ಚಿಮ್ಮಂಡೆಗೆ ಆಹಾರದ ಪಟ್ಟ ಕಟ್ಟಿರುವುದರಿಂದ, ನಮ್ಮ ಮೂಗುಗಳಿಗೆ ಇನ್ನು ವಿಶ್ರಾಂತಿಯಿಲ್ಲ.

ಸರಕಾರದ ಹಸಿರು ಚುಕ್ಕೆಯಂತೂ ಅದ್ವೈತ ಸಿದ್ಧಾಂತಕ್ಕೆ ಸಮೀಪವಾಗಿದೆ. 2020ರ ಲೇಬಲ್ ನಿಯಮಾವಳಿಯಲ್ಲಿ ಕೀಟಗಳನ್ನು ಹೆಸರು ಹೇಳಿಯೇ ಮಾಂಸಾಹಾರಕ್ಕೆ ಸೇರಿಸಿ, ಅದೇ ವಾಕ್ಯದಲ್ಲಿ ಜೇನು, ಜೇನುಮೇಣ, ಅರಗುಗಳನ್ನು ಹೊರಗಿಡಲಾಗಿದೆ. ಅರಗೆಂದರೆ ಅರಗಿನ ಹುಳು ರೆಂಬೆಯ ಮೇಲೆ ಸುರಿಸುವ ಅಂಟು, ಚಾಕೊಲೇಟು, ಮಿಠಾಯಿಗಳ ಮೇಲಿನ ಹೊಳಪಿಗೆ ಅದನ್ನೇ ಬಳಿಯುತ್ತಾರೆ. ಹುಳುವಿನ ಅಂಟು ಹೊಳೆದರೆ ಹಸಿರು ಚುಕ್ಕೆ, ಹುಳುವೇ ಚಟ್ನಿಯಾದರೆ ಕಂದು ತ್ರಿಕೋನ. ನಮ್ಮೂರಿನಲ್ಲಿ ಬಾಡಿಗೆಗೆ ಮನೆ ಕೇಳಿಕೊಂಡು ಬಂದವರ ಎದುರು “ನೀವು ಏನೂ ತಿನ್ನುವುದಿಲ್ಲವಲ್ಲ?” ಎಂದು ವಿಚಾರಿಸುವ ಯಜಮಾನರು, ಆ ಪ್ರಶ್ನೆ ಕೇಳುವಾಗ ಬಾಯಲ್ಲಿ ಒಂದು ಹೊಳೆಯುವ ಚಾಕೊಲೇಟು ಇಟ್ಟುಕೊಂಡಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಕಾಸರಗೋಡು ಸಪ್ತಭಾಷಾ ಸಂಗಮಭೂಮಿಯೆಂದು ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಅಷ್ಟೇ ಸಂಖ್ಯೆಯ ಹೇಸಿಗೆಗಳ ಸಂಗಮವೂ ಇದೇ ಎಂದು ಯಾರೂ ಸೇರಿಸುವುದಿಲ್ಲ. ಹವ್ಯಕರ ಮನೆಯ ಅಟ್ಟದಲ್ಲಿ ಉಪ್ಪುಸೊಳೆಯ ಭರಣಿಯಿರುತ್ತದೆ. ಬೇಸಗೆಯಲ್ಲಿ ಬಲಿತ ಹಲಸಿನಕಾಯಿಯ ಸೊಳೆಗಳನ್ನು ಬಿಡಿಸಿ, ಉಪ್ಪು ಬೆರೆಸಿ, ಒತ್ತಿ ತುಂಬಿ, ಮೇಲೆ ಕಲ್ಲಿಟ್ಟ ಆ ಭರಣಿಯ ಬಾಯನ್ನು ಆಟಿಯಲ್ಲಿ ಬಿಚ್ಚಿದರೆ ಬರುವ ಪರಿಮಳ ಮೂರನೆಯ ಕೋಣೆಯಲ್ಲಿ ಮಲಗಿದವರನ್ನೂ ಎಬ್ಬಿಸುತ್ತದೆ. ಕೈ ಮುಳುಗಿಸಿ ತೆಗೆದ ಸೊಳೆಯನ್ನು ಉಪ್ಪು ಬಿಡುವವರೆಗೆ ನೀರಿನಲ್ಲಿ ನೆನೆಸಿ, ಹಿಂಡಿ, ಅಕ್ಕಿಯೊಡನೆ ಅರೆದು, ತೆಂಗಿನಕಾಯಿಯ ಚೂರು ಸೇರಿಸಿ ಎಣ್ಣೆಯಲ್ಲಿ ಕರಿದ ಉಂಡ್ಲಕವನ್ನು ಬಾಯಿಗೆ ಹಾಕಿಕೊಂಡು, ಅದೇ ಮನೆಯವರು ನೆರೆಮನೆಯ ಮೀನಿನ ಸಾರಿಗೆ ಕಿಟಕಿ ಮುಚ್ಚುತ್ತಾರೆ. ನೆರೆಮನೆಯವರು ಮರುವಾಯಿ ತೊಳೆಯುತ್ತಾ ಭರಣಿಯ ದಿಕ್ಕಿಗೆ ನೋಡಿ ಉಗುಳುತ್ತಾರೆ. ಮೀನು ತಿನ್ನುವವರಿಗೆ ಏಡಿಯೆಂದರೆ ಅಷ್ಟಕ್ಕಷ್ಟೆ, ಏಡಿ ತಿನ್ನುವವರಿಗೆ ಬಸವನಹುಳುವೆಂದರೆ ಓಕರಿಕೆ. ಪ್ಯಾರಿಸ್ಸಿನಲ್ಲಿ ಬೆಳ್ಳುಳ್ಳಿ ಬೆಣ್ಣೆಯೊಡನೆ ಬಡಿಸಿದ ಬಸವನಹುಳುವಿನ ಫೋಟೋಗೆ ಮಾತ್ರ ಎಲ್ಲರೂ ಸೌಹಾರ್ದದಿಂದ ಲೈಕು ಒತ್ತುತ್ತಾರೆ.

ಹಲಸಿನ ಹಣ್ಣಿನ ಭಾಗ್ಯೋದಯವನ್ನು ನೋಡಿ ಕಲಿಯುವುದಿದೆ. ಬುಡದಲ್ಲಿ ಬಿದ್ದು ಕೊಳೆತು, ನೊಣ ಮುತ್ತಿ, ದನ ತಿಂದು ಮಿಕ್ಕದ್ದನ್ನು ಗೊಬ್ಬರದ ಗುಂಡಿಗೆ ತಳ್ಳುತ್ತಿದ್ದ ನಾವು, ಪಶ್ಚಿಮದ ಸಸ್ಯಾಹಾರಿಗಳು ಅದನ್ನು ಮಾಂಸದ ಬದಲಿಗೆ ಬ್ರೆಡ್ಡಿನೊಳಗಿಟ್ಟು ತಿನ್ನುತ್ತಾರೆಂದು ತಿಳಿದಂದು ಬೆಚ್ಚಿ ನೋಡಿದೆವು. ಕೇರಳ ಸರಕಾರ 2018ರ ಮಾರ್ಚಿನಲ್ಲಿ ಅದನ್ನು ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿತು. ಮರಕ್ಕೆ ಈ ಸುದ್ದಿ ತಲುಪಿದಂತೆ ಕಾಣಲಿಲ್ಲ, ಅದು ಎಂದಿನಂತೆ ಹಣ್ಣು ಉದುರಿಸಿತು.

ಹೀಗಿರುವಾಗ ಆಟಿಕೂಟಗಳನ್ನು ಒಂದು ಶಿಸ್ತಿಗೆ ತರುವುದು ಅಗತ್ಯವಾಗಿದೆ. ಯಾವ ತಿನಿಸು ಎಂದಿನವರೆಗೆ ಹೇಸಿಗೆ, ಯಾವ ದಿನಾಂಕದಿಂದ ಪರಂಪರೆ ಎಂಬುದನ್ನು ನಿರ್ಧರಿಸುವ ಒಂದು ಪ್ರಾಧಿಕಾರವಿಲ್ಲದೆ ಸಾರ್ವಜನಿಕರು ಗೊಂದಲದಲ್ಲಿದ್ದಾರೆ. ಒಣಮೀನಿನ ವಿಷಯದಲ್ಲಿ ಆದೇಶ ಹೊರಬೀಳುವವರೆಗೆ ಮೂಗು ಮುಚ್ಚಬೇಕೇ ಬೇಡವೇ ಎಂದು ಬಸ್ಸಿನಲ್ಲಿ ಕೂತ ಸಭ್ಯರಿಗೆ ತಿಳಿಯುತ್ತಿಲ್ಲ. ಪ್ರಾಧಿಕಾರದಲ್ಲಿ ಏಳು ಭಾಷೆಗಳಿಗೂ ಪ್ರಾತಿನಿಧ್ಯವಿರಲಿ, ಪ್ರತಿ ಭಾಷೆಯ ಸದಸ್ಯರಿಗೂ ಉಳಿದ ಆರು ಭಾಷೆಯವರ ಅಡುಗೆಮನೆಯ ಬಗ್ಗೆ ವರ್ಷಕ್ಕೊಮ್ಮೆ ಓಕರಿಸುವ ಹಕ್ಕಿರಲಿ, ಅದಕ್ಕೆ ಪ್ರತ್ಯೇಕ ರಿಜಿಸ್ಟರು ಇರಿಸಲಿ. ಹೇಸಿಗೆಯಿಂದ ಪರಂಪರೆಗೆ ಬಡ್ತಿ ಕೋರುವ ತಿನಿಸು, ತನ್ನನ್ನು ಕನಿಷ್ಠ ಒಬ್ಬ ವಿದೇಶಿ ಬಾಣಸಿಗ ಹೊಗಳಿದ ಸಾಕ್ಷ್ಯವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.

ಇಂಥದ್ದೊಂದು ಸಂಘದ ಪೂರ್ವಭಾವಿ ಸಭೆಯ ಟಿಪ್ಪಣಿ ಹೀಗಿದ್ದರೆ ಯಾರಿಗೂ ಆಶ್ಚರ್ಯವಾಗದು. ಬರುವ ವರ್ಷ ತಿನಿಸಿನ ಸಂಖ್ಯೆಯನ್ನು ನೂರಕ್ಕೇರಿಸುವುದು. ‘ಅಕ್ಕಿ ಮುಗಿದ ಮನೆ’ ಎಂಬ ವಿಷಯದ ಮೇಲೆ ಸ್ತಬ್ಧಚಿತ್ರ ಸ್ಪರ್ಧೆ ಏರ್ಪಡಿಸುವುದು, ಗೆದ್ದವರಿಗೆ ಮಿಕ್ಸರ್ ಗ್ರೈಂಡರ್. ನೈಜತೆಗಾಗಿ ನಿಜವಾಗಿಯೂ ಹಸಿದಿರುವ ಒಬ್ಬರನ್ನು ಕರೆಸಬಹುದೆಂದು ಹಿರಿಯ ಸದಸ್ಯರೊಬ್ಬರು ಸೂಚಿಸಿದರು. ಅವರ ಬಳಿ ಪಾಸು ಇರದಿದ್ದರೆ ಗೇಟಿನಲ್ಲಿ ಒಳಬಿಡುವುದು ಹೇಗೆ, ಒಳಬಿಟ್ಟ ಮೇಲೆ ಅವರು ಅಂಚೆಚೀಟಿ ಗಾತ್ರದ ಪತ್ರೊಡೆಗೆ ಸುಮ್ಮನಾಗದಿದ್ದರೆ ಮಾಡುವುದೇನು ಎಂಬ ವಿಷಯದಲ್ಲಿ ಒಮ್ಮತ ಮೂಡದ ಕಾರಣ ಪ್ರಸ್ತಾಪವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ನೆಯ್ಚೋರು, ಎಂದರೆ ತುಪ್ಪದನ್ನ, ಬಂದಿದೆಯೆಂಬ ಸುದ್ದಿ ತಲುಪಿದ್ದರಿಂದ, ವಂದನಾರ್ಪಣೆಯನ್ನು ಕೈಬಿಟ್ಟು ಸಭೆ ಎದ್ದಿತು. ಸಸ್ಯಾಹಾರಿಗಳಿಗೆ ಪ್ರತ್ಯೇಕವಾಗಿ ಗೋಬಿ ಮಂಚೂರಿಯ ಏರ್ಪಾಡಿತ್ತು.